ಸೈಕಲ್ ಎಂಜಿನ್ನಿನ ನೀಲಿ ಹೊಗೆ ನಿಂತದ್ದು

ಮಂಡ್ಯದ ಬಳಿಯ ನಮ್ಮ ತೋಟದೊಳಗೆ ಓಡಾಡಲೆಂದು ಹಳೆಯ ಸೈಕಲ್ಲಿಗೆ ನೀರೆತ್ತುವ ಪಂಪಿನ ಫೋರ್ ಸ್ಟ್ರೋಕ್ ಎಂಜಿನ್ ಜೋಡಿಸಿದ್ದೆ. ಸ್ವಲ್ಪ ಓಡಿಸುವಷ್ಟರಲ್ಲಿ ನೀಲಿ ಹೊಗೆ ಬಂದು, ಪ್ಲಗ್ ಎಣ್ಣೆಯಲ್ಲಿ ತೊಯ್ದು, ಎಂಜಿನ್ ನಿಲ್ಲುತ್ತಿತ್ತು. ಎಣ್ಣೆ ಮೇಲೇರದಂತೆ ತಡೆಯುವ ಪಿಸ್ಟನ್ ರಿಂಗ್ ಬದಲಾಯಿಸಿದೆ. ಹಣ ಹೋಯಿತು, ಹೊಗೆ ಹೋಗಲಿಲ್ಲ. ಏರ್ ಫಿಲ್ಟರ್ ಬಿಚ್ಚಿದಾಗ ಅಲ್ಲಿಯೂ ಎಣ್ಣೆ ಕಂಡಿತು. ಈ ಬಗೆಯ ಎಂಜಿನ್ನಿನಲ್ಲಿ ಎಣ್ಣೆ ತಳದಲ್ಲಿ ನಿಂತಿದ್ದು, ಕನೆಕ್ಟಿಂಗ್ ರಾಡಿನ ತುದಿಯ ಸಣ್ಣ ಸೌಟಿನಂಥ ಭಾಗ ಅದನ್ನು ಚಿಮ್ಮಿಸುತ್ತದೆ. ನಾನು ಫ್ರೇಮಿನ ಇಳಿಜಾರಿಗೆ ಹೊಂದಿಸಿ ಓರೆಯಾಗಿ ಕೂರಿಸಿದ್ದರಿಂದ ಎಣ್ಣೆ ಒಂದೆಡೆ ಸೇರಿ, ಎಂಜಿನ್ನಿನ ಒಳಗಾಳಿಯನ್ನು ಹೊರಬಿಡುವ ಬ್ರೀದರ್ ಕೊಳವೆಯ ಮೂಲಕ ಫಿಲ್ಟರಿಗೆ ನುಗ್ಗಿ, ಅಲ್ಲಿಂದ ಗಾಳಿಯೊಂದಿಗೆ ಎಂಜಿನ್ನಿನೊಳಗೆ ಹೋಗಿ ಉರಿಯುತ್ತಿತ್ತು. ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿ, ರಸಮಟ್ಟವಿಟ್ಟು ಎಂಜಿನ್ನನ್ನು ಸಮವಾಗಿ ಕೂರಿಸಿ, ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಎಣ್ಣೆಯನ್ನು ಗುರುತಿನ ಮಟ್ಟಕ್ಕೆ ತುಂಬಿದೆ. ಹೊಗೆ ನಿಂತಿತು. ಎಂಜಿನ್ 25 ಸಿಸಿ ಮೀರಿರುವುದರಿಂದ ಕಾನೂನಿನ ಕಣ್ಣಿಗೆ ಇದು ಮೋಟಾರು ವಾಹನವೇ. ಹಾಗಾಗಿ ರಸ್ತೆಗೆ ಇಳಿಸಿಲ್ಲ.