ಕರಾವಳಿಯ ಊರಿನಲ್ಲಿ ಮನೆ ಹುಡುಕುವವರಿಗೆ: ಡಿಸೆಂಬರ್‌ನಲ್ಲಿ ಬರಬೇಡಿ

ಡಿಸೆಂಬರ್‌ನಲ್ಲಿ ಕರಾವಳಿಯ ಯಾವ ಊರೂ ಚೆಂದವೇ. ಬಾವಿಯಲ್ಲಿ ನೀರಿರುತ್ತದೆ, ಬೆಳಗಿನ ಹೊತ್ತು ಸಣ್ಣ ಚಳಿ ಇರುತ್ತದೆ, ಕಡಲು ಸಾಕಿದ ಹಸುವಿನಂತೆ ತೆಪ್ಪಗೆ ಮಲಗಿರುತ್ತದೆ. ಬೆಂಗಳೂರಿನಲ್ಲಿ ನಿವೃತ್ತರಾದ ನನ್ನ ಸೋದರಮಾವ ಇಂಥದೇ ಒಂದು ಡಿಸೆಂಬರ್‌ನಲ್ಲಿ ಬಂದು, ಅಲೆಯ ಸದ್ದು ಕೇಳುವ ಮನೆಯೊಂದಕ್ಕೆ ಮುಂಗಡ ಕೊಟ್ಟರು. ಮೇ ತಿಂಗಳಲ್ಲಿ ಅವರ ಮನೆಗೆ ಹೋದಾಗ ಅತ್ತೆ ಕೊಟ್ಟ ಕಾಫಿಯ ಮೊದಲ ಗುಟುಕಿಗೇ, ಸಕ್ಕರೆ ಡಬ್ಬಿಯ ಬದಲು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದಾರೆ ಎಂದುಕೊಂಡೆ. ಹಾಗಲ್ಲ, ಬಾವಿಯ ನೀರೇ ಹಾಗಾಗಿತ್ತು. ಜೂನ್‌ನಲ್ಲಿ ಮುಂಬಾಗಿಲು ಉಬ್ಬಿ ಮುಚ್ಚದಾಯಿತು. ಹನ್ನೊಂದು ತಿಂಗಳ ಕರಾರು ಮುಗಿಯುವ ಮೊದಲೇ ಅವರು ಗಂಟುಮೂಟೆ ಕಟ್ಟಿದರು. ಆಮೇಲೆ ಇದೇ ತಪ್ಪನ್ನು ಇನ್ನೂ ನಾಲ್ಕು ಕುಟುಂಬಗಳು ಮಾಡುವುದನ್ನು ಕಂಡಿದ್ದೇನೆ. ಅದಕ್ಕಾಗಿ ಈ ಬರಹ.

ಹಂತ 1: ಆಸ್ಪತ್ರೆಯಿಂದ ಅಳೆಯಿರಿ

ತಲಪಾಡಿಯಿಂದ ಮಾಜಾಳಿಯವರೆಗೆ ನಮ್ಮ ಕರಾವಳಿ ಸುಮಾರು 300 ಕಿಲೋಮೀಟರ್. ಅರವತ್ತು ದಾಟಿದವರು ನಕ್ಷೆಯಲ್ಲಿ ಮೊದಲು ಗುರುತು ಹಾಕಬೇಕಾದದ್ದು ಬೀಚುಗಳಿಗಲ್ಲ, ಮಣಿಪಾಲ ಮತ್ತು ಮಂಗಳೂರಿಗೆ. ಕುಂದಾಪುರದಿಂದ ಮಣಿಪಾಲಕ್ಕೆ ಗಂಟೆಯೊಳಗಿನ ದಾರಿ. ಕುಮಟಾ, ಅಂಕೋಲಾ ನೋಡಲು ಎಷ್ಟೇ ಸೊಗಸಾಗಿದ್ದರೂ ದೊಡ್ಡ ಕಾಯಿಲೆ ಬಂದರೆ ಗಂಟೆಗಟ್ಟಲೆ ಆಂಬುಲೆನ್ಸ್ ಪ್ರಯಾಣ ತಪ್ಪಿದ್ದಲ್ಲ. ಕಾರವಾರದವರು ಎಷ್ಟೋ ಸಲ ಗೋವೆಯತ್ತ ಮುಖ ಮಾಡುತ್ತಾರೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಇಂದು ನಿನ್ನೆಯದಲ್ಲ. ಮಳೆಗಾಲದಲ್ಲಿ ಹೆದ್ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡವೇ ರಸ್ತೆಯ ಮೇಲೆ ಜಾರಿ ಜೀವಗಳು ಹೋದದ್ದನ್ನು ಎಲ್ಲರೂ ನೋಡಿದ್ದೇವೆ. ನನ್ನನ್ನು ಕೇಳಿದರೆ, ಮುದುಕರಿಗೆ ಭಟ್ಕಳದಿಂದ ದಕ್ಷಿಣಕ್ಕಿರುವ ಊರುಗಳೇ ಸರಿ. ಮೂವತ್ತರ ಹರೆಯದವರು, ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ಎಣಿಸುವವರು ಎಲ್ಲಿ ಬೇಕಾದರೂ ಇರಲಿ.

ಹಂತ 2: ರೈಲು, ಮಾತು, ಊಟ

ರೈಲು ನಿಲ್ದಾಣ ಊರಿನಿಂದ ಎಷ್ಟು ದೂರ ಎಂದು ಕೇಳಿಕೊಳ್ಳಿ (ಗೋಕರ್ಣ ರೋಡ್ ಎಂಬ ಹೆಸರಿನಲ್ಲಿರುವ 'ರೋಡ್' ಸುಮ್ಮನೆ ಬಂದದ್ದಲ್ಲ). ತುಳು, ಕುಂದಗನ್ನಡ, ಕೊಂಕಣಿ ಯಾವುದೂ ಬಾರದಿದ್ದರೂ ಬದುಕಬಹುದು. ಒಣಮೀನಿನ ವಾಸನೆ ಆಗದವರು ಬಂದರಿನ ಪಕ್ಕ ಮನೆ ನೋಡಲೇಬಾರದು.

ಹಂತ 3: ಊರಿನ ಯಾವ ಮಗ್ಗುಲು?

ಊರು ಸರಿಯಾಗಿದ್ದೂ ಜಾಗ ತಪ್ಪುವುದು ಸಾಮಾನ್ಯ. ಅಳಿವೆ ಎಂದರೆ ಹೊಳೆ ಕಡಲು ಸೇರುವ ಬಾಯಿ. ಅದರ ಆಸುಪಾಸಿನ ದಂಡೆ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ. ಉಳ್ಳಾಲ, ಮರವಂತೆಗಳಲ್ಲಿ ಕಡಲ್ಕೊರೆತದ ಸುದ್ದಿ ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ದಡದಲ್ಲಿ ಕಪ್ಪು ಬಂಡೆಗಳ ರಾಶಿ ಕಂಡರೆ 'ಫೋಟೊಗೆ ಚೆನ್ನಾಗಿದೆ' ಎನ್ನಬೇಡಿ. ಅಲ್ಲಿ ಕಡಲು ಈಗಾಗಲೇ ಒಮ್ಮೆ ನುಗ್ಗಿದ್ದಕ್ಕೆ ಸುರಿದ ಕಲ್ಲು ಅದು. ಬುಡದ ಬೇರು ಹೊರಬಿದ್ದು ಕಡಲತ್ತ ವಾಲಿದ ತೆಂಗಿನ ಮರಗಳಿದ್ದರೆ ಅಲ್ಲಿಂದಲೇ ವಾಪಸಾಗಿ. ಹೆದ್ದಾರಿಯ ಪೂರ್ವಕ್ಕೆ, ತೀರದಿಂದ ಒಂದೆರಡು ಕಿಲೋಮೀಟರ್ ಒಳಗೆ ಮನೆ ಮಾಡಿ. ಕಡಲು ನೋಡಬೇಕೆನಿಸಿದರೆ ಸಂಜೆ ಸ್ಕೂಟರ್ ಹತ್ತಿದರಾಯಿತು.

ಹಂತ 4: ಬಾವಿ

ಎಲ್ಲರೂ ಎಡವುವುದು ಇಲ್ಲೇ. ಬಾವಿಯನ್ನು ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗಿನ ಅವಧಿಯಲ್ಲೇ ಪರೀಕ್ಷಿಸಬೇಕು. ಮನೆಯೊಡೆಯರು ಒಂದು ಕೊಡಪಾನ ಸೇದಿ ಕೊಟ್ಟ ನೀರನ್ನು ಕುಡಿದು 'ಸಿಹಿಯಾಗಿದೆ' ಎಂದು ತಲೆಯಾಡಿಸುವುದು ಪರೀಕ್ಷೆಯಲ್ಲ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ತೀರದ ನೆಲದಡಿಯಲ್ಲಿ ಸಿಹಿನೀರು ಮೇಲೆ ತೇಲಿಕೊಂಡಿರುತ್ತದೆ, ಉಪ್ಪುನೀರು ಕೆಳಗೆ ಹೊಂಚು ಹಾಕಿರುತ್ತದೆ. ಪಂಪು ಎಳೆದಷ್ಟೂ ಕೆಳಗಿನದು ಮೇಲೇರುತ್ತದೆ. ಆದ್ದರಿಂದ ಹೀಗೆ ಮಾಡಿ: ಪಂಪು ಹಾಕಿಸಿದ ಕೂಡಲೇ ಒಂದು ಬಾಟಲಿ ತುಂಬಿಸಿ. ಅರ್ಧ ಗಂಟೆ ಓಡಲು ಬಿಡಿ, ನೀರು ತೋಟಕ್ಕೆ ಹೋಗಲಿ. ಆಮೇಲೆ ಇನ್ನೊಂದು ಬಾಟಲಿ. ಎರಡನ್ನೂ ಒಂದರ ಹಿಂದೊಂದು ನಾಲಿಗೆಗೆ ಹಚ್ಚಿ ನೋಡಿ. ಎರಡನೆಯದರಲ್ಲಿ ಕೊಂಚ ಉಪ್ಪು, ನಾಲಿಗೆಯ ಅಂಚಿಗೆ ಮಾತ್ರ ತಿಳಿಯುವಷ್ಟು ಇದ್ದರೂ ಆ ಮನೆ ಬೇಡ. ನೀವು ಅಲ್ಲಿ ದಿನವೂ ಬಟ್ಟೆ ಒಗೆಯುವವರು, ಗಿಡಕ್ಕೆ ನೀರು ಹಾಕುವವರು. ಆ ರುಚಿ ತಿಂಗಳೊಳಗೆ ಕಾಫಿಗೆ ಇಳಿಯುತ್ತದೆ.

ನಾಲಿಗೆಯನ್ನು ನಂಬದವರು ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಒಯ್ಯಲಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ. ಬೇರೆ ಮೂಲವೇ ಇಲ್ಲದಿದ್ದರೆ 2,000. ಆದರೆ ಮೀಟರಿನ ಅಂಕಿಗಿಂತ ಎರಡು ಬಾಟಲಿಗಳ ನಡುವಿನ ವ್ಯತ್ಯಾಸ ಮುಖ್ಯ. ಹೊಳೆಯ ಬದಿಯ ಮನೆಯಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ, ಭರತ (ಕಡಲಿನ ಉಬ್ಬರ) ಏರಿದ ಹೊತ್ತಿಗೆ ಇದನ್ನು ಮತ್ತೊಮ್ಮೆ ಮಾಡಿ. ಉಪ್ಪುನೀರು ಹೊಳೆಯಲ್ಲಿ ಏರದಂತೆ ತಡೆಯುವ ಹತ್ತಿರದ ಕಿಂಡಿ ಅಣೆಕಟ್ಟಿಗೆ ಮಳೆ ನಿಂತ ಮೇಲೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕುತ್ತಾರೆಯೇ ಎಂದು ಗದ್ದೆಯಲ್ಲಿರುವವರನ್ನು ಕೇಳಿ. ಹಲಗೆ ತಡವಾದ ವರ್ಷ ಅಕ್ಕಪಕ್ಕದ ಬಾವಿಗಳೆಲ್ಲ ಕೆಡುತ್ತವೆ.

ಇದಕ್ಕೆಲ್ಲ ಪುರುಸೊತ್ತಿಲ್ಲದವರಿಗೆ ಒಂದು ಅಡ್ಡದಾರಿ ಇದೆ. ರಸ್ತೆ ತಿರುವಿನ ಅಂಗಡಿಯಲ್ಲಿ ಸೋಡಾ ಶರಬತ್ತು ಕುಡಿಯುತ್ತಾ, 'ಈ ಕಡೆಗೆ ಟ್ಯಾಂಕರ್ ಯಾವ ತಿಂಗಳಿಂದ ಬರುತ್ತದೆ?' ಎಂದು ಕೇಳಿ. 'ಬರುತ್ತದೆಯೇ' ಎಂದು ಕೇಳಿದರೆ ಮರ್ಯಾದೆಗಾಗಿ ಇಲ್ಲ ಎಂದುಬಿಡುತ್ತಾರೆ. 'ಯಾವ ತಿಂಗಳಿಂದ' ಎಂದರೆ ನಿಜ ಹೊರಬರುತ್ತದೆ.

'ವಾಟರ್ ಸಾಫ್ಟನರ್ ಹಾಕಿಸಿದರೆ ಮುಗಿಯಿತು ಸಾರ್' ಎನ್ನುವ ದಲ್ಲಾಳಿಯ ಮಾತು ಕೇಳಲೇಬೇಡಿ. ಆ ಯಂತ್ರ ಗಡಸು ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುವಂಥದ್ದು, ಉಪ್ಪಿನ ರುಚಿಗೆ ಅದರಿಂದ ಏನೂ ಆಗದು. ಸೋದರಮಾವ ಅದಕ್ಕೂ ದುಡ್ಡು ಸುರಿದರು. ಕೊಳವೆಬಾವಿ ಕೊರೆಸುವ ಯೋಚನೆಯನ್ನಂತೂ ತೀರದಲ್ಲಿ ಮಾಡಲೇಬಾರದು. ಆಳಕ್ಕೆ ಹೋದಷ್ಟೂ ಕಡಲಿಗೇ ಕೊಳವೆ ಇಟ್ಟಂತೆ.

ಹಂತ 5: ಜುಲೈನಲ್ಲಿ ಎರಡು ರಾತ್ರಿ

ಬಾವಿ ಪಾಸಾದರೆ ಜುಲೈನಲ್ಲಿ ಅದೇ ಕೇರಿಯಲ್ಲಿ ಎರಡು ರಾತ್ರಿ ತಂಗಿ. ಮಳೆ ಇಲ್ಲಿ ಪಡುವಣದಿಂದ ಅಡ್ಡಡ್ಡ ಬೀಸುತ್ತದೆ. ಹಳೆಯ ಮನೆಗಳವರು ಪಡುಗಡೆಯ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗಿನ ಮನೆಗಳಲ್ಲಿ ಅದೇ ದಿಕ್ಕಿಗೆ ಆಳೆತ್ತರದ ಗಾಜು ಹಾಕಿಸಿ 'ಸೀ ವ್ಯೂ' ಎನ್ನುತ್ತಾರೆ, ಅದರ ಕೆಳಗೆ ಹಳೆಯ ಪಂಚೆ ತುರುಕುತ್ತಾರೆ. ಕಪಾಟಿನ ಹಿಂಬದಿಯ ಗೋಡೆ ಮುಟ್ಟಿ ನೋಡಿ. ಅಡುಗೆಮನೆಯ ಬೆಂಕಿಪೆಟ್ಟಿಗೆಯಿಂದ ಒಂದು ಕಡ್ಡಿ ಗೀರಿ ನೋಡಿ. ಕಿಟಕಿ ಸರಳಿನ ಬಣ್ಣದ ಕೆಳಗೆ ಗುಳ್ಳೆ ಎದ್ದಿದ್ದರೆ ಉಪ್ಪುಗಾಳಿ ಅಲ್ಲಿಯವರೆಗೆ ಬರುತ್ತಿದೆ ಎಂದರ್ಥ; ನಿಮ್ಮ ಎ.ಸಿ., ಫ್ರಿಜ್, ಸ್ಕೂಟರಿನ ಆಯುಸ್ಸನ್ನು ಅರ್ಧ ಎಂದೇ ಲೆಕ್ಕ ಹಾಕಿ. ಜೂನ್ ಮತ್ತು ಜುಲೈ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧದ ಕಾಲ. ಬೆಳಿಗ್ಗೆ ತಾಜಾ ಬಂಗುಡೆ ಸಿಗುತ್ತದೆಂಬ ಆಸೆಯಲ್ಲಿ ಬಂದವರಿಗೆ ಆ ಎರಡು ತಿಂಗಳು ಹೊಳೆಮೀನು, ಇಲ್ಲವಾದರೆ ಒಣಮೀನಿನ ಚಟ್ನಿ.

ಹಂತ 6: ಕೊಳ್ಳುವುದಾದರೆ

ಪಹಣಿ, ಭೂಪರಿವರ್ತನೆ, ಋಣಭಾರ ಪತ್ರ ಎಲ್ಲ ಕಡೆಯಂತೆ. ಕರಾವಳಿಯಲ್ಲಿ ಹೆಚ್ಚುವರಿಯಾಗಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಇದೆ: ಭರತದ ಗರಿಷ್ಠ ರೇಖೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಕೇಂದ್ರದ 2019ರ ಅಧಿಸೂಚನೆ ಅನ್ವಯಿಸುತ್ತದೆ. ಉಪ್ಪುನೀರು ಏರಿಬರುವ ಹೊಳೆಗಳ ದಂಡೆಗೂ ನಿರ್ಬಂಧವಿದೆ. 'ಪಕ್ಕದವರು ಕಟ್ಟಿದ್ದಾರಲ್ಲ' ಎಂಬುದು ದಾಖಲೆಯಲ್ಲ.

ಬರೀ ನೋಡಿ ಹೋಗುವವರು ಇಷ್ಟೆಲ್ಲ ಓದಬೇಕಾಗಿರಲಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯೊಳಗೆ, ಶನಿವಾರ ಭಾನುವಾರ ಬಿಟ್ಟು ಬನ್ನಿ. ಮಕ್ಕಳಿದ್ದರೆ, ಬೀಚಿನ ಸ್ವಚ್ಛತೆ ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಇಲ್ಲವೇ ಹೊನ್ನಾವರದ ಕಾಸರಕೋಡು ಸರಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ರಸ್ತೆಬದಿ ನಿಂತು ನೋಡಿ, ನೀರಿಗಿಳಿಯಬೇಡಿ.

ಇನ್ನು ಬಾಡಿಗೆಗೆ ಇರುವವರು ಕರಾರನ್ನು ಜೂನ್ ಒಂದಕ್ಕೇ ಶುರು ಮಾಡಿಸಿಕೊಳ್ಳಿ. ಮಳೆಗಾಲದಲ್ಲಿ ಮನೆಗಳು ಖಾಲಿ ಬಿದ್ದಿರುವುದರಿಂದ ಬಾಡಿಗೆಯಲ್ಲಿ ಚೌಕಾಸಿಗೂ ಅವಕಾಶವಿದೆ. ಹನ್ನೊಂದು ತಿಂಗಳು ಮುಗಿಯುವುದು ಏಪ್ರಿಲ್ ಕೊನೆಗೆ. ಕರಾರು ಮುಂದುವರಿಸುವ ಮಾತು ಬರುವಷ್ಟರಲ್ಲಿ ಪಂಪು ಹಾಕಿ ಎರಡನೆಯ ಬಾಟಲಿ ತುಂಬಿಸಲು ಸರಿಯಾದ ಕಾಲ ಬಂದಿರುತ್ತದೆ.