ಜಗಲಿಗೆ ಒಯ್ಯುವ ಪುಸ್ತಕ: ಮಕ್ಕಳಿಗೆ ಮೋಡ-ಮಳೆಯ ಪುಸ್ತಕ ಆರಿಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ಗ್ರಂಥಾಲಯದಲ್ಲಿ ಮಕ್ಕಳ ಕಪಾಟು ನನ್ನ ಜವಾಬ್ದಾರಿ. ಅದಕ್ಕೂ ಮೊದಲು ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಪಾಠ ಮಾಡಿದವಳು. ಜೂನ್ ತಿಂಗಳಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುತ್ತವೆ. 19ನೇ ತಾರೀಕಿಗೆ ವಾಚನಾ ದಿನ, ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನದ್ದು. ಆ ದಿನಗಳಲ್ಲಿ ಅಪ್ಪ ಅಮ್ಮಂದಿರು ಬಂದು ಕೇಳುತ್ತಾರೆ: "ಟೀಚರೇ, ಮಳೆ ಬಗ್ಗೆ ಮಕ್ಕಳಿಗೆ ಒಳ್ಳೆ ಪುಸ್ತಕ ಯಾವುದು?"

ನಾನು ನೋಡುವುದು ಒಂದೇ. ಮಗು ಆ ಪುಸ್ತಕ ಹಿಡಿದು ಜಗಲಿಗೆ ಹೋದರೆ, ಅದರಲ್ಲಿ ಇರುವುದನ್ನು ಹೊರಗೆ ಹುಡುಕಬಹುದಾ? ಹುಡುಕಬಹುದಾದರೆ ತೆಗೆದುಕೊಳ್ಳಿ. ಚಿತ್ರ ಎಷ್ಟೇ ಚೆಂದ ಇರಲಿ, ನಮ್ಮ ಆಕಾಶಕ್ಕೆ ಹೊಂದದ ಪುಸ್ತಕ ಮೊದಲನೆಯದಾಗಿ ಬೇಡ. ಹಿಮ ಬೀಳುವ, ಎಲೆ ಕೆಂಪಾಗುವ ಊರಿನ ಪುಸ್ತಕವನ್ನು ನಾಲ್ಕನೆಯದೋ ಐದನೆಯದೋ ಆಗಿ ಖಂಡಿತ ಕೊಡಿ. ಆಗ ಮಗುವಿಗೆ ಅದು ಬೇರೆ ದೇಶದ ಸುದ್ದಿಯಾಗುತ್ತದೆ. ಅದನ್ನೇ ಮೊದಲು ಕೊಟ್ಟರೆ ವರ್ಷಕ್ಕೆ ನಾಲ್ಕು ಕಾಲ, ಅದರಲ್ಲಿ ಒಂದು ಹಿಮದ್ದು ಅಂತ ಬಾಯಿಪಾಠ ಮಾಡಿಕೊಂಡು ಕೂರುತ್ತದೆ.

ಯಾವ ತಿಂಗಳಲ್ಲಿ ಕೊಡುತ್ತೀರಿ ಅನ್ನುವುದೂ ಮುಖ್ಯ. ಮೋಡದ ಬಗೆಗಳನ್ನು ಹೇಳಿಕೊಡುವ ಪುಸ್ತಕವನ್ನು ಜೂನ್-ಜುಲೈಯಲ್ಲಿ ಕೊಡಬೇಡಿ. ಆಗ ನಮ್ಮಲ್ಲಿ ಆಕಾಶದ ತುಂಬ ಒಂದೇ ಬೂದು ಬಣ್ಣ. ಪುಸ್ತಕದಲ್ಲಿ ಹತ್ತು ಬಗೆ, ಮೇಲೆ ನೋಡಿದರೆ ಒಂದೇ ಬಗೆ. ಮಗುವಿಗೆ ಬೇಸರ ಬಂದು ಪುಸ್ತಕ ಮೂಲೆ ಸೇರುತ್ತದೆ. ಆ ತಿಂಗಳುಗಳಿಗೆ ಮಳೆಯದ್ದೇ ಪುಸ್ತಕ ಸರಿ: ತೋಡು ತುಂಬುವುದು, ಕಪ್ಪೆ, ಕೊಡೆ, ಮಳೆ ಅಳೆಯುವುದು. ಮೋಡದ ಪುಸ್ತಕಕ್ಕೆ ತುಲಾವರ್ಷ, ಅಂದರೆ ಹಿಂಗಾರು ಮಳೆ, ಬರಲಿ. ಅಕ್ಟೋಬರ್-ನವೆಂಬರಿನಲ್ಲಿ ಬೆಳಿಗ್ಗೆ ಬಿಸಿಲು ಕಾಯುತ್ತದೆ, ಮಧ್ಯಾಹ್ನ ಮೂಡುದಿಕ್ಕಿನ ಗುಡ್ಡೆಗಳ ಮೇಲೆ ಹೂಕೋಸಿನ ಹಾಗೆ ಮೋಡ ಏಳುತ್ತದೆ, ಸಂಜೆಗೆ ಗುಡುಗು. ಡಿಸೆಂಬರ್ ಕಳೆದ ಮೇಲೆ ತುಂಬ ಎತ್ತರದ, ಗೆರೆ ಎಳೆದಂಥ ತೆಳು ಮೋಡಗಳು ಕಾಣಸಿಗುತ್ತವೆ.

ಮೋಡಗಳ ಲ್ಯಾಟಿನ್ ಹೆಸರುಗಳು ಬೇಕಾ ಅಂತ ಕೆಲವರು ಕೇಳುತ್ತಾರೆ. ಲ್ಯೂಕ್ ಹೊವಾರ್ಡ್ ಎಂಬ ಔಷಧ ತಯಾರಕರು 1802ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಓದಿದ ಪ್ರಬಂಧದಿಂದ ಬಂದ ಹೆಸರುಗಳು ಅವು: ಕ್ಯುಮುಲಸ್, ಸ್ಟ್ರೇಟಸ್, ಸಿರಸ್, ನಿಂಬಸ್. ಎಂಟು ವರ್ಷದ ಕೆಳಗಿನವರಿಗೆ ರಾಶಿ ಮೋಡ, ಹಾಸು ಮೋಡ, ಗೆರೆ ಮೋಡ ಅಂತ ಗುರುತಿಸಲು ಬಂದರೆ ಧಾರಾಳ ಆಯಿತು. ಅದಕ್ಕಿಂತ ದೊಡ್ಡ ಮಕ್ಕಳ ಪುಸ್ತಕದಲ್ಲಿ ಹೆಸರಿನ ಜೊತೆ ಫೋಟೋ ಇರಲೇಬೇಕು. ಬಿಡಿಸಿದ ಚಿತ್ರ ನೋಡಿ ಮೋಡ ಗುರುತಿಸುವುದು ದೊಡ್ಡವರಿಗೇ ಕಷ್ಟ.

ಇನ್ನು ಪುಸ್ತಕ ಸರಿ ಇದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡುವುದು ಹೇಗೆ? ನಾನು ಮೊದಲು ತೆರೆಯುವುದು ಕಾಮನಬಿಲ್ಲಿನ ಪುಟ. ಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನ ಹಿಂದೆ ಇರಬೇಕು, ಮಳೆ ಎದುರಿಗೆ. ಹಾಗಾಗಿ ಬೆಳಿಗ್ಗೆಯ ಬಿಲ್ಲು ಪಡುವಣಕ್ಕೆ, ಸಂಜೆಯದ್ದು ಮೂಡಣಕ್ಕೆ. ಕೆಂಪು ಹೊರಗಿನ ಅಂಚಿನಲ್ಲಿ, ನೇರಳೆ ಒಳಗೆ. ಎಷ್ಟೋ ಪುಸ್ತಕಗಳಲ್ಲಿ ನಗುವ ಸೂರ್ಯ, ಪಕ್ಕದಲ್ಲೇ ಬಿಲ್ಲು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅಂಥ ಪುಟ ತೆರೆದು ತಂದು ನನ್ನ ಮೇಜಿನ ಮೇಲಿಟ್ಟಳು. ಬೆರಳನ್ನು ಮೊದಲು ಸೂರ್ಯನ ಮೇಲೆ, ಆಮೇಲೆ ಬಿಲ್ಲಿನ ಮೇಲೆ ಇಟ್ಟು, "ಟೀಚರೇ, ನಿನ್ನೆ ಸಂಜೆ ಬಿಲ್ಲು ಬಿದ್ದಾಗ ಸೂರ್ಯ ನಮ್ಮ ಮನೆ ಹಿಂದೆ ಇದ್ದ. ಇದರಲ್ಲಿ ಎರಡೂ ಒಂದೇ ಕಡೆ ಇದೆ, ಅಲ್ವಾ?" ಅಂದಳು. ಆ ಮಗುವಿನ ಕಣ್ಣು ಅಷ್ಟು ಚುರುಕಾಗಿರುವಾಗ ನಾವು ಕೊಡುವ ಪುಸ್ತಕ ಅದಕ್ಕೆ ತಕ್ಕಂತೆ ಇರಬೇಡವೇ? ಕಥೆ ಪುಸ್ತಕದಲ್ಲಿ ಹೀಗಿದ್ದರೆ ನಾನು ಬಿಟ್ಟುಬಿಡುತ್ತೇನೆ. ವಿಜ್ಞಾನ ಹೇಳಿಕೊಡುತ್ತೇವೆ ಅನ್ನುವ ಪುಸ್ತಕಕ್ಕೆ ಆ ರಿಯಾಯಿತಿ ಇಲ್ಲ.

ಎರಡನೆಯದು, ಮೋಡ ಅಂದರೆ ಏನು ಅಂತ ಹೇಳುವ ವಾಕ್ಯ. "ಮೋಡ ಅಂದರೆ ನೀರಾವಿ" ಅಂತ ಇದ್ದರೆ ಅನುಮಾನಪಡಿ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಅದು ಮೇಲೇರಿ, ತಣ್ಣಗಾಗಿ, ಗಾಳಿಯಲ್ಲಿರುವ ಸಣ್ಣ ಧೂಳಿನ ಕಣಗಳ ಮೇಲೆ ಕೂತು ಪುಟ್ಟ ಹನಿಯಾದಾಗ ಮಾತ್ರ ನಮಗೆ ಮೋಡವಾಗಿ ಕಾಣುತ್ತದೆ. ತುಂಬ ಎತ್ತರದಲ್ಲಾದರೆ ಮಂಜುಗಡ್ಡೆಯ ಹರಳು. ಮೋಡದ ಒಂದು ಹನಿ ಸುಮಾರು 0.02 ಮಿಲಿಮೀಟರ್ ಅಗಲ. ಅಂಥ ಹತ್ತು ಲಕ್ಷ ಹನಿ ಸೇರಿದರೆ 2 ಮಿಲಿಮೀಟರಿನ ಒಂದು ಮಳೆಹನಿ. ಈ ಲೆಕ್ಕ ಇರುವ ಪುಸ್ತಕ ಸಿಕ್ಕಿದರೆ ಬಿಡಬೇಡಿ. ಮಕ್ಕಳಿಗೆ ದೊಡ್ಡ ಸಂಖ್ಯೆ ಅಂದರೆ ತುಂಬ ಇಷ್ಟ.

ಮೂರನೆಯದು ಗುಡುಗು. ಮೋಡ ಮೋಡ ಡಿಕ್ಕಿ ಹೊಡೆದು ಗುಡುಗು ಬರುತ್ತದೆ ಅಂತ ಬರೆದಿದ್ದರೆ ವಾಪಸ್ ಇಟ್ಟುಬಿಡಿ. ಮಿಂಚಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿ, ಒಮ್ಮೆಲೇ ಹಿಗ್ಗಿದ್ದರ ಸದ್ದು ಅದು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. ಇದನ್ನು ಹೇಳಿಕೊಡುವ ಪುಸ್ತಕ ಒಳ್ಳೆಯದು. ಆದರೆ ಎಣಿಸುವುದು ಮನೆಯೊಳಗೆ ಕೂತು ಅಂತಲೂ ಅದರಲ್ಲಿ ಇರಬೇಕು. ಕೇರಳದಲ್ಲಿ ಮಳೆಗಾಲಕ್ಕೆ ಮುಂಚೆ ಮತ್ತು ತುಲಾವರ್ಷದಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಸಿಡಿಲಿನ ಎಚ್ಚರಿಕೆ ಕೊಡುತ್ತಾರೆ. ಶಾಲೆ ಬಿಟ್ಟು ಮಕ್ಕಳು ಬಯಲಲ್ಲಿ ಆಡುವ ಹೊತ್ತೂ ಅದೇ. ಮರದ ಕೆಳಗೆ ನಿಲ್ಲಬೇಡಿ, ಮೊದಲ ಗುಡುಗು ಕೇಳಿದ ಕೂಡಲೇ ಒಳಗೆ ಬನ್ನಿ ಅನ್ನುವ ಎರಡು ಸಾಲು ಇಲ್ಲದ ಮಿಂಚಿನ ಪುಸ್ತಕವನ್ನು ನಾನು ಕಪಾಟಿನಲ್ಲಿ ಇಡುವುದಿಲ್ಲ.

ನೀರಿನ ಚಕ್ರದ ಚಿತ್ರ ಎಲ್ಲ ಪುಸ್ತಕದಲ್ಲೂ ಇರುತ್ತದೆ: ಕಡಲು, ಸೂರ್ಯ, ಮೋಡ, ಬೆಟ್ಟ, ಹೊಳೆ. ಹೆಚ್ಚಿನವು ಹೊಳೆಯಲ್ಲೇ ನಿಲ್ಲುತ್ತವೆ. ನಮ್ಮ ಮಕ್ಕಳಿಗೆ ಅಷ್ಟು ಸಾಲದು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಮಗು ಸುರಂಗದ ನೀರು ಕುಡಿದು ಬೆಳೆಯುತ್ತದೆ. ಮುರಕಲ್ಲಿನ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಮಾಟೆಯಿಂದ ಏಪ್ರಿಲ್‌ನಲ್ಲೂ ನೀರು ಹೇಗೆ ಬರುತ್ತದೆ ಅಂತ ಅದು ಕೇಳಿಯೇ ಕೇಳುತ್ತದೆ. ಮಳೆ ಮಣ್ಣಿಗೆ ಇಳಿಯುವುದು, ಕಲ್ಲಿನ ಸಂದಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವುದು, ಬಾವಿಗೆ ಬರುವುದು, ಇಷ್ಟನ್ನೂ ತೋರಿಸಿದ ಚಿತ್ರ ಹುಡುಕಿ. ಸಿಗದಿದ್ದರೆ ಇರುವ ಚಿತ್ರದ ಕೆಳಗೆ ಒಂದು ಹಾಳೆ ಅಂಟಿಸಿ, ಮಗುವಿನ ಹತ್ತಿರವೇ ಸುರಂಗ, ಬಾವಿ, ಮದಕ (ಮಳೆನೀರು ನಿಲ್ಲುವ ಕೆರೆ) ಬಿಡಿಸಲು ಹೇಳಿ.

ಮಳೆ ಅಳೆಯುವ ಚಟುವಟಿಕೆ ಇರುವ ಪುಸ್ತಕವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಸರಿಯಾಗಿ ಹೇಳಿದ್ದಾರಾ ನೋಡಿ. ಪಾತ್ರೆಯ ಗೋಡೆ ಬುಡದಿಂದ ಬಾಯಿವರೆಗೆ ನೇರ ಇರಬೇಕು, ಬುಡ ಚಪ್ಪಟೆ ಇರಬೇಕು, ಮರ-ಮಾಡುಗಳಿಂದ ದೂರ ಇಡಬೇಕು. ನಡು ಸಪೂರ ಇರುವ ಜ್ಯೂಸಿನ ಬಾಟಲಿಯಲ್ಲಿ ಸ್ಕೇಲು ಹಿಡಿದರೆ ಲೆಕ್ಕ ತಪ್ಪುತ್ತದೆ. ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೇ ಅಳೆದರೆ ಮಗುವಿಗೆ ಪತ್ರಿಕೆಯ ಅಂಕಿಯ ಜೊತೆ ಹೋಲಿಸಲು ಬರುತ್ತದೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಅಂಗಳಕ್ಕೆ ಒಂದು ಲೀಟರ್ ನೀರು. ನಮ್ಮ ಮಕ್ಕಳಿಗೆ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಗೊತ್ತು, ಕಲೆಕ್ಟರ್ ರಜೆ ಕೊಡುವುದೂ ಗೊತ್ತು. 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಬಿದ್ದರೆ ಅದು ಅತಿ ತೀವ್ರ ಮಳೆ. ತಾನೇ ಅಳೆದ ಮಗುವಿಗೆ ಮಾತ್ರ ಈ ಅಂಕಿ ಎಷ್ಟು ದೊಡ್ಡದು ಅಂತ ಅರ್ಥವಾಗುವುದು.

ಅಲರ್ಟ್ ಅಂದಾಗ ಹೆದರಿಕೆಯ ಮಾತೂ ಬರುತ್ತದೆ. 2018ರ ಆಗಸ್ಟಿನ ನೆರೆಯನ್ನು ಟಿವಿಯಲ್ಲಿ ನೋಡಿದ ಮನೆಗಳಿವು. ಬಿರುಗಾಳಿ, ನೆರೆಯ ಪುಸ್ತಕ ಕೊಡುವಾಗ ಕೊನೆಯ ಪುಟಗಳನ್ನು ಮೊದಲು ಓದಿ. ದೊಡ್ಡವರು ಏನು ಮಾಡಿದರು, ಎಲ್ಲಿಗೆ ಹೋದರು, ಯಾರು ನೆರವಿಗೆ ಬಂದರು ಅಂತ ಇದೆಯಾ? ನೀರು ಏರಿದ್ದು ಮಾತ್ರ ಇದ್ದರೆ ಬೇಡ. ಹಾಗೆಯೇ ಮಳೆಯನ್ನು ಬರೀ ಆಟ ಕೆಡಿಸುವ ಶನಿ ಅಂತ ತೋರಿಸುವ ಪುಸ್ತಕವೂ ನನಗೆ ಹಿಡಿಸುವುದಿಲ್ಲ. ಅಪ್ಪ ಅಡಕೆ ಮರಕ್ಕೆ ಮದ್ದು ಬಿಡಲು ಮಳೆ ನಿಲ್ಲುವುದನ್ನೇ ಕಾಯುತ್ತಾರೆ, ಅಜ್ಜಿ ಆರ್ದ್ರಾ ಮಳೆ ಜೋರಾಗಲಿ ಅನ್ನುತ್ತಾರೆ. ಎರಡನ್ನೂ ಒಂದೇ ಮನೆಯಲ್ಲಿ ಕೇಳುವ ಮಗು ಇದು.

ಭಾಷೆಯ ವಿಷಯದಲ್ಲಿ ನಮ್ಮದು ಬೇರೆಯೇ ಊರು. ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ, ಶಾಲೆಯಲ್ಲಿ ಕನ್ನಡ. ಒಂದು, ಎರಡನೇ ಕ್ಲಾಸಿನವರಿಗೆ ಪುಟಕ್ಕೆ ಎರಡು ಸಾಲು ಸಾಕು. ಮಾತೇ ಇಲ್ಲದ ಚಿತ್ರಪುಸ್ತಕ ಇನ್ನೂ ಒಳ್ಳೆಯದು, ಮಗು ತನಗೆ ಬಂದ ಭಾಷೆಯಲ್ಲಿ ಹೇಳುತ್ತದೆ. ಕೊಳ್ಳುವ ಮೊದಲು ಒಂದು ಪುಟ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ಬಿಡಿ.

ಹತ್ತು ದಾಟಿದವರಿಗೆ ಹವಾಮಾನದಲ್ಲಿ ಕೆಲಸ ಮಾಡಿದವರ ಬದುಕಿನ ಪುಸ್ತಕ ಹುಡುಕಿ. ಅನ್ನಾ ಮಣಿ 1918ರಲ್ಲಿ ಇದೇ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, 1948ರಲ್ಲಿ ಹವಾಮಾನ ಇಲಾಖೆ ಸೇರಿ, ಹವಾಮಾನದ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ದುಡಿದವರು. ಹೆಣ್ಣುಮಕ್ಕಳ ಕೈಗೆ ಅವರ ಬದುಕಿನ ಪುಸ್ತಕವನ್ನು ಕೊಡಲೇಬೇಕು.

ನಮ್ಮ ಪೇಟೆಗಳಲ್ಲಿ ಕನ್ನಡದ ಮಕ್ಕಳ ಪುಸ್ತಕ ಸಿಗುವುದು ಕಡಿಮೆ. ಮಂಗಳೂರಿಗೆ ಹೋದಾಗ ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್ ಪುಸ್ತಕಗಳನ್ನು ಕೇಳಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಓದಬಹುದು, ಪ್ರಿಂಟ್ ಕೂಡ ತೆಗೆಯಬಹುದು. ಕಾಗದವನ್ನೂ ಮುಟ್ಟಿ ನೋಡಿ. ಮಿರಿಮಿರಿ ಮಿಂಚುವ ಪುಟಗಳು ಜುಲೈಯ ಥಂಡಿಗೆ ಒಂದಕ್ಕೊಂದು ಅಂಟುತ್ತವೆ, ದಪ್ಪ ರಟ್ಟಿನ ಪುಟಗಳು ಉಬ್ಬುತ್ತವೆ. ಹೊಲಿಗೆ ಹಾಕಿದ, ಒರಟು ಕಾಗದದ ಪುಸ್ತಕ ನಮ್ಮ ಮಳೆಗೆ ಬಾಳುತ್ತದೆ. ಗೋಡೆಗೆ ತಾಗಿಸದೆ, ಒತ್ತೊತ್ತಾಗಿ ಜೋಡಿಸದೆ ಇಡಿ. ಬಿಸಿಲು ಬಂದ ದಿನ ಜಗಲಿಯ ನೆರಳಲ್ಲಿ ಪುಟ ಬಿಡಿಸಿ ಗಾಳಿಗೆ ಇಟ್ಟರೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.