ತಾಂಡೇಲನಿಗೂ ಹೇಳಬೇಕು: ಬೋಟ್ ರಿಪೇರಿಯಲ್ಲಿ ನನ್ನ ಅನುಭವ

ಗಂಗೊಳ್ಳಿಯಲ್ಲಿ ಪಂಚಗಂಗಾವಳಿ ನದಿ ಸಮುದ್ರ ಸೇರುವ ಅಳಿವೆಯಿಂದ ಸ್ವಲ್ಪ ಒಳಗೆ, ದಡಕ್ಕೆ ಎಳೆದ ಮೀನುಗಾರಿಕೆ ಬೋಟ್‌ಗಳ ರಿಪೇರಿ ಮಾಡುತ್ತ ಬಂದವನು ನಾನು. ಮರದ ಹಲಗೆ ಬದಲಿಸುವುದು, ಫೈಬರ್ ಹೊದಿಕೆ ಹಾಕುವುದು, ಪ್ರೊಪೆಲ್ಲರ್ ತಿರುಗಿಸುವ ಶಾಫ್ಟ್, ಅದು ಆತುಕೊಂಡು ತಿರುಗುವ ಬುಷ್ ಮತ್ತು ಶಾಫ್ಟ್ ಒಡಲಿನಿಂದ ಹೊರಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್ ಸರಿಪಡಿಸುವುದು ನನ್ನ ಕಸುಬು. ಈ ಕಸುಬಿನಲ್ಲಿ ತಪ್ಪಾದಾಗ ಅದನ್ನು ಯಾರಿಗೆ (ಮಾಲೀಕರಿಗೆ ಮಾತ್ರವೋ, ಸಮುದ್ರದಲ್ಲಿ ಬೋಟ್ ನಡೆಸುವ ತಾಂಡೇಲನಿಗೂ ಹೌದೋ), ಯಾವಾಗ, ಯಾವ ರೀತಿ ಹೇಳಬೇಕು ಎಂಬುದನ್ನು ನನಗೆ ಯಾರೂ ಕಲಿಸಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ಹುಡುಗರಿಗೆ ಉಪಯೋಗವಾಗಬಹುದು ಎಂಬ ಕಾರಣಕ್ಕೆ, ನಾನು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೆಲಸದ ಬಹುಭಾಗ ಮುಗಿದ ಕೂಡಲೇ ಕಣ್ಣಿಗೆ ಕಾಣದಂತಾಗುತ್ತದೆ. ಹಲಗೆಯ ಮೇಲೆ ಫೈಬರ್ ಬರುತ್ತದೆ, ಫೈಬರಿನ ಮೇಲೆ ಬಣ್ಣ ಬರುತ್ತದೆ, ಆಮೇಲೆ ಅದೆಲ್ಲವೂ ನೀರಿನ ಮಟ್ಟದಿಂದ ಕೆಳಗೆ ಹೋಗುತ್ತದೆ. ಒಂದು ಉದಾಹರಣೆ ಹೇಳುವುದಾದರೆ, 6 ಮಿ.ಮೀ. ದಪ್ಪದ ಫೈಬರ್ ಒಡಲಿನಲ್ಲಿ ತೂತು ಬಿದ್ದಾಗ ಅದರ ಸುತ್ತಲಿನ ಅಂಚನ್ನು ದಪ್ಪದ 12 ಪಟ್ಟು, ಅಂದರೆ ಸುಮಾರು 72 ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಆ ಇಳಿಜಾರಿನ ಮೇಲೆ ಗಾಜಿನ ನಾರಿನ ಮ್ಯಾಟ್ ಪದರಗಳನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಕೂರಿಸಬೇಕು. ಅವಸರದಲ್ಲಿ ಮೂವತ್ತೇ ಮಿ.ಮೀ. ಉಜ್ಜಿ ಮುಚ್ಚಿದರೂ ಬಣ್ಣ ಹೊಡೆದ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಮಾಲೀಕರು ಕೈಯಾಡಿಸಿ ನೋಡಿ ಒಪ್ಪುವುದು ಮೇಲಿನ ನುಣುಪನ್ನು. ಒಳಗೆ ಏನಿದೆ ಎಂಬುದು ಮಾಡಿದವನಿಗೆ ಮಾತ್ರ ಗೊತ್ತಿರುವುದರಿಂದ, ಅವನು ಬಾಯಿಬಿಡದಿದ್ದರೆ ಅದು ಹೊರಬೀಳುವುದು ಸಮುದ್ರದಲ್ಲಿಯೇ.

ಸಮಯದ ಒತ್ತಡವೂ ಇಲ್ಲಿ ಬೇರೆ ಬಗೆಯದು. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ದೊಡ್ಡ ರಿಪೇರಿಗಳೆಲ್ಲ ಆ ಎರಡು ತಿಂಗಳಲ್ಲಿಯೇ ಆಗಬೇಕು, ಮತ್ತು ಆ ಎರಡು ತಿಂಗಳು ಕರಾವಳಿಯಲ್ಲಿ ಮಳೆ ಬಿಡುವು ಕೊಡದೆ ಸುರಿಯುವ ಕಾಲ. ಒದ್ದೆ ಮರದ ಮೇಲೆ ಫೈಬರ್ ಹಿಡಿಯುವುದಿಲ್ಲ, ತೇವದ ಗಾಳಿಯಲ್ಲಿ ನಾರನ್ನು ಹಿಡಿದಿಡುವ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆದರೂ ಆಗಸ್ಟ್ ಹತ್ತಿರ ಬಂದಂತೆ ಪ್ರತಿಯೊಬ್ಬ ಮಾಲೀಕನೂ ತನ್ನ ಬೋಟ್ ಮೊದಲು ನೀರಿಗಿಳಿಯಬೇಕೆಂದು ಬಯಸುತ್ತಾನೆ. ಸಾಲದ ಬಡ್ಡಿ, ಬಲೆಯ ಖರ್ಚು, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ಕೊಟ್ಟ ಮುಂಗಡ ಎಲ್ಲವೂ ಅವನ ತಲೆಯ ಮೇಲಿರುವುದರಿಂದ ಅವನ ಅವಸರವನ್ನು ನಾನು ತಪ್ಪೆಂದು ಹೇಳಲಾರೆ. ಆ ಅವಸರಕ್ಕೆ ಮಣಿಯುವುದು ಮಾತ್ರ ನಮ್ಮ ಕಡೆಯ ತಪ್ಪು, ಮತ್ತು ನನ್ನಿಂದ ಆದ ದೊಡ್ಡ ತಪ್ಪು ಆ ಜಾತಿಯದು.

ಮರದ ಒಡಲಿನ ಒಂದು ಟ್ರಾಲ್ ಬೋಟ್‌ಗೆ ಹೊಸ ಶಾಫ್ಟ್ ಹಾಕಿದ್ದೆ. ಗೇರ್‌ಬಾಕ್ಸಿನ ಕಪ್ಲಿಂಗ್ ಮತ್ತು ಶಾಫ್ಟಿನ ಕಪ್ಲಿಂಗ್, ಅಂದರೆ ಎರಡನ್ನೂ ಬೋಲ್ಟಿನಿಂದ ಜೋಡಿಸುವ ದುಂಡು ತಟ್ಟೆಗಳು, ಒಂದಕ್ಕೊಂದು ಸಮನಾಗಿ ಕೂರಬೇಕು. ಇದನ್ನು ನೋಡುವ ಕ್ರಮವೇನೆಂದರೆ, ಬೋಲ್ಟ್ ಬಿಚ್ಚಿ ಎರಡೂ ಮುಖಗಳನ್ನು ಹತ್ತಿರ ತಂದು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜಿನ ಹಾಳೆ ತೂರಿಸಿ ಸಂದಿಯನ್ನು ಅಳೆಯುವುದು. ಕಪ್ಲಿಂಗಿನ ವ್ಯಾಸದ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲೊಂದು ಭಾಗದಷ್ಟು ವ್ಯತ್ಯಾಸವನ್ನು ಮಾತ್ರ ಒಪ್ಪಬಹುದು. ಆರು ಇಂಚಿನ ಕಪ್ಲಿಂಗ್ ಆದರೆ ಸುಮಾರು 0.15 ಮಿ.ಮೀ. ನಾನು ಬೋಟ್ ದಡದ ಮೇಲಿದ್ದಾಗಲೇ ಇದನ್ನು ಅಳೆದು, ಎಂಜಿನ್ ಕಾಲುಗಳ ಕೆಳಗೆ ತಗಡು ಕೊಟ್ಟು, ಅಳತೆಯೊಳಗೆ ತಂದು ಬೋಲ್ಟ್ ಬಿಗಿದಿದ್ದೆ. ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ದಡದ ಮೇಲೆ ಬೋಟಿನ ಭಾರವೆಲ್ಲ ಕೀಲಿನ (ತಳದ ಉದ್ದ ತೊಲೆಯ) ಕೆಳಗಿಟ್ಟ ಕೆಲವೇ ದಿಮ್ಮಿಗಳ ಮೇಲೆ ನಿಂತಿರುತ್ತದೆ. ನೀರಿಗಿಳಿದ ಮೇಲೆ ನೀರು ಒಡಲನ್ನು ಉದ್ದಕ್ಕೂ ಎತ್ತಿ ಹಿಡಿಯುತ್ತದೆ, ಒಣಗಿದ್ದ ಹಲಗೆಗಳು ಉಬ್ಬುತ್ತವೆ, ಡೀಸೆಲ್ ಮತ್ತು ಮಂಜುಗಡ್ಡೆ ತುಂಬಿದ ಮೇಲೆ ಭಾರ ಕೂರುವ ಜಾಗ ಬದಲಾಗುತ್ತದೆ. ಒಡಲು ಸ್ವಲ್ಪ ಬಾಗಿದರೂ ಶಾಫ್ಟಿನ ನೇರ ತಪ್ಪುತ್ತದೆ. ಆದ್ದರಿಂದ ಬೋಟ್ ಒಂದೆರಡು ದಿನ ತೇಲಿದ ಮೇಲೆ ಕಪ್ಲಿಂಗ್ ಬಿಚ್ಚಿ ಮತ್ತೊಮ್ಮೆ ಅಳೆಯಲೇಬೇಕು. ಇದು ನನಗೆ ಗೊತ್ತಿತ್ತು. ಸಂಜೆಯೊಳಗೆ ಇನ್ನೊಂದು ಬೋಟನ್ನು ಇಳಿಸಬೇಕಾಗಿದ್ದುದರಿಂದ ಅಳೆಯಲು ಹೋಗಲಿಲ್ಲ, ಅಳೆದಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ.

ಬೋಟ್ ಹೊರಟ ಮೊದಲ ಸುತ್ತಿನಲ್ಲೇ ಗ್ಲ್ಯಾಂಡಿನಲ್ಲಿ ನೀರು ಹೆಚ್ಚು ಬರತೊಡಗಿತು. ಎಂಜಿನ್ ಓಡುವಾಗ ಗ್ಲ್ಯಾಂಡಿನಿಂದ ನಿಮಿಷಕ್ಕೆ ಕೆಲವು ಹನಿ ಬೀಳುವುದು ಸರಿಯಾದ ಲಕ್ಷಣ, ಏಕೆಂದರೆ ಆ ನೀರೇ ಶಾಫ್ಟಿನ ಸುತ್ತ ತುರುಕಿದ ಪ್ಯಾಕಿಂಗನ್ನು ತಣ್ಣಗಿಡುತ್ತದೆ. ನೀರು ಹೆಚ್ಚಾದುದನ್ನು ಕಂಡ ಕಲಾಸಿಗಳು ಗ್ಲ್ಯಾಂಡಿನ ನಟ್ಟನ್ನು ಬಿಗಿದರು, ಬಿಗಿದಂತೆ ಪ್ಯಾಕಿಂಗ್ ಕಾದು ಸುಟ್ಟಿತು, ಸುಟ್ಟ ಮೇಲೆ ನೀರು ಇನ್ನೂ ಜೋರಾಗಿ ಬಂತು. ತಾಂಡೇಲ ಬುದ್ಧಿವಂತನಾಗಿದ್ದುದರಿಂದ ಬಲೆ ಎತ್ತಿಕೊಂಡು, ಪಂಪು ನಿಲ್ಲಿಸದೆ, ವೇಗ ತಗ್ಗಿಸಿಕೊಂಡು ಹಿಂದಿರುಗಿದ. ಅಳಿವೆಯಲ್ಲಿ ಮರಳು ದಿಬ್ಬದ ಮೇಲೆ ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

ಬೋಟ್ ದಕ್ಕೆಗೆ (ಬೋಟ್ ಕಟ್ಟುವ ಕಟ್ಟೆಗೆ) ಬಂದಾಗ ಮಾಲೀಕರು ತಾವಾಗಿಯೇ ಒಂದು ಕಾರಣ ಕಂಡುಕೊಂಡಿದ್ದರು. ಪ್ರೊಪೆಲ್ಲರಿನ ಬಳಿ ಶಾಫ್ಟಿಗೆ ಒಂದಿಷ್ಟು ಬಲೆಯ ನೂಲು ಸುತ್ತಿಕೊಂಡಿತ್ತು, ಅದರಿಂದಲೇ ಶಾಫ್ಟ್ ಅದುರಿ ಹೀಗಾಯಿತೆಂದು ಅವರು ನಂಬಿದ್ದರು. ನಾನು ಹೌದೆಂದು ತಲೆಯಾಡಿಸಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ರಿಪೇರಿಯ ಬಿಲ್ಲೂ ಸಿಗುತ್ತಿತ್ತು. ನಾನು ಏನನ್ನೂ ಹೇಳದೆ ಮೊದಲು ಕಪ್ಲಿಂಗ್ ಬಿಚ್ಚಿದೆ. ಮೇಲಿನ ಅಂಚಿನಲ್ಲಿ ಗೇಜಿನ ತೆಳು ಹಾಳೆಯೂ ತೂರಲಿಲ್ಲ, ಕೆಳಗಿನ ಅಂಚಿನಲ್ಲಿ ಅರ್ಧ ಮಿ.ಮೀ. ಹಾಳೆ ಸಲೀಸಾಗಿ ಒಳಗೆ ಹೋಯಿತು. ಸುತ್ತಿದ್ದ ನೂಲು ತೆಗೆದು ಮತ್ತೆ ಅಳೆದರೂ ಅಷ್ಟೇ ಬಂತು. ಮಾಲೀಕರನ್ನೂ ತಾಂಡೇಲನನ್ನೂ ಎಂಜಿನ್ ಕೋಣೆಗೆ ಕರೆದು, ಹಾಳೆಯನ್ನು ಅವರ ಕೈಗೇ ಕೊಟ್ಟು, ತೂರಿಸಿ ನೋಡಲು ಹೇಳಿದೆ. ಆಮೇಲೆ, “ಇದು ನೂಲಿನಿಂದ ಆದದ್ದಲ್ಲ. ಬೋಟ್ ನೀರಿಗಿಳಿದ ಮೇಲೆ ಇದನ್ನು ನಾನು ಮತ್ತೆ ಅಳೆಯಬೇಕಿತ್ತು, ಅಳೆಯಲಿಲ್ಲ” ಎಂದೆ.

ಮಾಲೀಕರಿಗೆ ಕೋಪ ಬಂತು, ಬರಬೇಕಾದದ್ದೇ. ತಾಂಡೇಲ ಮಾತ್ರ ಕೋಪ ಮಾಡಿಕೊಳ್ಳದೆ ಒಂದು ಪ್ರಶ್ನೆ ಕೇಳಿದ: ಮೊದಲೇ ಹೇಳಿದ್ದರೆ ನಾವು ನಟ್ ಬಿಗಿಯುತ್ತಿರಲಿಲ್ಲವಲ್ಲ? ನಿಜವಾಗಿತ್ತು. ಶಾಫ್ಟಿನ ನೇರ ಅನುಮಾನವಿದೆ ಎಂದು ತಿಳಿದಿದ್ದರೆ ಅವನು ಗ್ಲ್ಯಾಂಡನ್ನು ಬಿಗಿಯುವ ಬದಲು ವೇಗ ತಗ್ಗಿಸಿ ಮೊದಲೇ ತಿರುಗುತ್ತಿದ್ದ, ಬುಷ್ ಉಳಿಯುತ್ತಿತ್ತು. ಆವರೆಗೆ ನಾನು ಲೆಕ್ಕ ಒಪ್ಪಿಸುತ್ತಿದ್ದುದೆಲ್ಲ ಹಣ ಕೊಡುವ ಮಾಲೀಕರಿಗೆ. ಮಾಲೀಕರು ದಡದಲ್ಲಿರುತ್ತಾರೆ. ನನ್ನ ಕೆಲಸದ ಮೇಲೆ ಜೀವ ಇಟ್ಟು ಹೋಗುವವರು ತಾಂಡೇಲ ಮತ್ತು ಕಲಾಸಿಗಳು, ಅವರಿಗೆ ನಾನು ಏನನ್ನೂ ಹೇಳುತ್ತಿರಲಿಲ್ಲ. ಅಂದಿನಿಂದ ಬೋಟ್ ಒಪ್ಪಿಸುವಾಗ ತಾಂಡೇಲ ಎದುರಿಗಿಲ್ಲದೆ ನಾನು ಮಾತು ಮುಗಿಸುವುದಿಲ್ಲ. ಮುಗಿದ ಕೆಲಸ ಯಾವುದು, ಬಾಕಿ ಉಳಿದದ್ದು ಯಾವುದು, ಯಾವ ಜಾಗದಲ್ಲಿ ನನಗೆ ಪೂರ್ತಿ ನಂಬಿಕೆಯಿಲ್ಲ, ಅಲ್ಲಿ ಬಿಸಿ, ನೀರು ಅಥವಾ ಅದುರು ಕಂಡರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವನಿಗೆ ಜಾಗ ತೋರಿಸಿ ಹೇಳುತ್ತೇನೆ. ಕೆಲವು ಮಾಲೀಕರಿಗೆ ಇದು ಹಿಡಿಸುವುದಿಲ್ಲ. ತಾಂಡೇಲನಿಗೆ ಹೆದರಿಕೆ ಹುಟ್ಟಿಸುತ್ತೀಯ ಎಂದು ಅಂದವರಿದ್ದಾರೆ. ಅವರ ಕೆಲಸ ಬೇರೆಯವರ ಬಳಿಗೆ ಹೋದರೂ ಚಿಂತೆಯಿಲ್ಲ ಎಂಬಷ್ಟು ಈ ವಿಷಯದಲ್ಲಿ ನಾನು ಗಟ್ಟಿಯಾಗಿದ್ದೇನೆ.

ಒಪ್ಪಿಕೊಳ್ಳುವುದೆಂದರೆ ಎಲ್ಲವನ್ನೂ ಮೈಮೇಲೆ ಎಳೆದುಕೊಳ್ಳುವುದು ಎಂದು ಕೆಲವರು ತಿಳಿಯುತ್ತಾರೆ. “ಎಲ್ಲ ನನ್ನದೇ ತಪ್ಪು, ಕ್ಷಮಿಸಿ” ಎಂದು ಕೈಮುಗಿದರೆ ಎದುರಿನವರ ಕೋಪ ಇಳಿಯಬಹುದು, ಬೋಟಿಗೆ ಅದರಿಂದ ಪ್ರಯೋಜನವಿಲ್ಲ. ಮರದ ಬೋಟಿನ ಮೇಲೆ ಫೈಬರ್ ಹೊದಿಸಿದ ಕಡೆಗಳಲ್ಲಿ ಇದು ಮುಖ್ಯವಾಗುತ್ತದೆ. ಹೊದಿಕೆಯ ಒಂದು ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲದೆ ಹಲಗೆ ಒಳಗೊಳಗೇ ಕೊಳೆಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಮರದ ಸದ್ದಿನ ಬದಲು ಮಂಕು ಸದ್ದು ಬರುತ್ತದೆ. ನಾನು ತೇಪೆ ಹಾಕಿದ ಜಾಗ ಬಿಟ್ಟುಕೊಂಡಾಗ, ಕಾರಣ ನನ್ನ ತೇಪೆಯೋ, ಅದರ ಕೆಳಗಿನ ಹಳೆಯ ಕೊಳೆತವೋ ಎಂದು ಬಿಚ್ಚಿ ನೋಡದೆ ಬಾಯಿ ಬಿಡುವುದಿಲ್ಲ. ನನ್ನ ಫೈಬರ್ ಹಲಗೆಯಿಂದ ಸ್ವಚ್ಛವಾಗಿ ಕಳಚಿ ಬಂದಿದ್ದರೆ ಒದ್ದೆ ಮರದ ಮೇಲೆ ಹಾಕಿದ್ದೇನೆಂದು ಅರ್ಥ, ತಪ್ಪು ನನ್ನದು. ಫೈಬರಿನ ಜೊತೆಗೆ ಮರದ ಎಳೆಗಳೂ ಕಿತ್ತು ಬಂದಿದ್ದರೆ ನನ್ನ ಹಿಡಿತ ಸರಿಯಿತ್ತು, ಮರ ಸತ್ತಿತ್ತು. ಆಗಲೂ ಆ ಕೊಳೆತವನ್ನು ಮೊದಲೇ ಬಡಿದು ಗುರುತಿಸಬೇಕಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ, ಅದನ್ನು ನಾನೇ ಎತ್ತುತ್ತೇನೆ. ಹಿಂದೆ ಕೆಲಸ ಮಾಡಿದವರ ಹೆಸರನ್ನು ಮಾತ್ರ ಎಳೆದು ತರುವುದಿಲ್ಲ. ಅವರು ಯಾವ ಮಳೆಯಲ್ಲಿ, ಎಷ್ಟು ಹಣಕ್ಕೆ, ಯಾರ ಒತ್ತಾಯಕ್ಕೆ ಮಾಡಿದರೋ ನಾನು ನೋಡಿಲ್ಲ.

ಜೊತೆಗೆ ಕೆಲಸ ಮಾಡುವ ಹುಡುಗರ ತಪ್ಪು ಇನ್ನೊಂದು ಬಗೆಯದು. ಒಂದು ಕೆ.ಜಿ. ಪಾಲಿಯೆಸ್ಟರ್ ರೆಸಿನ್‌ಗೆ ಗಟ್ಟಿಗೊಳಿಸುವ ಕ್ಯಾಟಲಿಸ್ಟ್ 10ರಿಂದ 20 ಗ್ರಾಂ ಹಾಕಬೇಕು. ಕಡಿಮೆಯಾದರೆ ಒಳಪದರ ಅಂಟಂಟಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಬೇಗ ಕಾದು ಬಿರಿಯುತ್ತದೆ. (ರೆಸಿನ್ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಂದರೊಳಗೊಂದು ಎಂದಿಗೂ ಸುರಿಯಬಾರದು, ಸಿಡಿಯುವ ಅಪಾಯವಿದೆ, ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.) ಅಳೆಯುವಾಗ ಕೈತಪ್ಪುವುದು ಸಹಜ, ಆದರೆ ಬೈಗುಳಕ್ಕೆ ಹೆದರಿ ಹುಡುಗ ಅದನ್ನು ಮುಚ್ಚಿಟ್ಟರೆ ತಪ್ಪು ಒಡಲಿನೊಳಗೆ ಉಳಿದುಬಿಡುತ್ತದೆ. ಅದಕ್ಕಾಗಿ ಕಲಸಿದ ಪ್ರತಿ ಡಬ್ಬಿಯ ತಳದಲ್ಲಿ ಉಳಿದ ರೆಸಿನನ್ನು ಎಸೆಯದೆ, ಯಾವ ಜಾಗಕ್ಕೆ ಬಳಸಿದ್ದೆಂದು ಡಬ್ಬಿಯ ಮೇಲೆ ಬರೆದು ಸಾಲಾಗಿ ಇಡುತ್ತೇವೆ. ಮರುದಿನ ಬೆಳಿಗ್ಗೆ ಉಗುರಿನಿಂದ ಒತ್ತಿ ನೋಡಿದಾಗ ಮೆತ್ತಗಿರುವ ಡಬ್ಬಿ ಸಿಕ್ಕರೆ, ಆ ಜಾಗದ ಪದರವನ್ನು ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಹಾಕುತ್ತೇವೆ. ಯಾರು ಕಲಸಿದರು ಎಂದು ನಾನು ಕೇಳುವುದಿಲ್ಲ. ಸಾಮಾನ್ಯವಾಗಿ ಕಲಸಿದವನೇ ಮುಂದೆ ಬಂದು ಉಜ್ಜಲು ನಿಲ್ಲುತ್ತಾನೆ.

ಒಮ್ಮೆ ಇಂಥ ಮೆತ್ತಗಿನ ಡಬ್ಬಿ ಕಣ್ಣಿಗೆ ಬಿದ್ದಾಗ, ಆ ರೆಸಿನ್ ಬಳಸಿದ್ದ ನಾಡದೋಣಿ (ಸಾಂಪ್ರದಾಯಿಕ ಸಣ್ಣ ದೋಣಿ) ಬೆಳಗಿನ ಜಾವವೇ ಹೊರಟುಹೋಗಿತ್ತು. ಮಳೆಗಾಲದಲ್ಲಿ ನಾಡದೋಣಿಗಳು ದಡಕ್ಕೆ ಹತ್ತಿರದಲ್ಲೇ ಮೀನು ಹಿಡಿಯುವುದರಿಂದ ಫೋನು ಸಿಗುತ್ತದೆ ಎಂಬುದೊಂದೇ ಸಮಾಧಾನ. ಮಾಲೀಕರನ್ನು ಹುಡುಕಿ ಹೋಗಿ ವಿವರಿಸುವಷ್ಟು ಹೊತ್ತು ಕಾಯದೆ ದೋಣಿಯಲ್ಲಿದ್ದವರಿಗೇ ನೇರವಾಗಿ ಫೋನ್ ಮಾಡಿ, ಎಡಗಡೆ ಮುಂಭಾಗದ ತೇಪೆ ಗಟ್ಟಿಯಾಗಿಲ್ಲ, ಅಲೆಗೆ ಆ ಮಗ್ಗುಲು ಕೊಡದೆ ತಿರುಗಿ ಬನ್ನಿ ಎಂದು ಹೇಳಿದೆ. ಬಂದರು. ತೇಪೆಯಿಂದ ನೀರು ಬಂದಿರಲಿಲ್ಲ, ಆದರೆ ಉಜ್ಜಿದಾಗ ಒಳಪದರ ಉಜ್ಜುವ ಕಲ್ಲಿಗೆ ಅಂಟಿಕೊಳ್ಳುವಷ್ಟು ಹಸಿಯಾಗಿತ್ತು.

ಹಣದ ವಿಷಯಕ್ಕೆ ಬಂದರೆ, ನನ್ನ ತಪ್ಪಿನಿಂದ ಹಾಳಾದ ಸಾಮಾನು ಮತ್ತು ಮತ್ತೆ ಮಾಡುವ ಕೂಲಿ ನನ್ನದು, ಇದರಲ್ಲಿ ಚೌಕಾಶಿಯಿಲ್ಲ. ಆ ಟ್ರಾಲ್ ಬೋಟಿಗೆ ಹೊಸ ಬುಷ್, ಪ್ಯಾಕಿಂಗ್ ಮತ್ತು ಗೇರ್‌ಬಾಕ್ಸಿನ ಸೀಲನ್ನು ನಾನೇ ತಂದು ಹಾಕಿದೆ, ತೇಲುವ ಬೋಟಿನಲ್ಲಿಯೇ ಕಪ್ಲಿಂಗ್ ಅಳೆದು, ಅಳತೆಯನ್ನು ಬರೆದು ಮಾಲೀಕರಿಗೊಂದು, ತಾಂಡೇಲನಿಗೊಂದು ಪ್ರತಿ ಕೊಟ್ಟೆ. ಕಳೆದುಹೋದ ಸುತ್ತಿನ ಡೀಸೆಲ್ ಮತ್ತು ಮಂಜುಗಡ್ಡೆಯ ಖರ್ಚನ್ನು ಪೂರ್ತಿ ಕೊಡುವ ಶಕ್ತಿ ನನಗಿಲ್ಲವೆಂದು ಮಾಲೀಕರಿಗೆ ಮೊದಲೇ ಹೇಳಿದ್ದೆ, ಹಿಂದಿನ ಬಾಕಿಯಲ್ಲಿ ಅವರು ಮುರಿದುಕೊಂಡಷ್ಟಕ್ಕೆ ಒಪ್ಪಿಕೊಂಡೆ. ಕಲಾಸಿಗಳ ಲೆಕ್ಕ ಬೇರೆಯೇ ಇತ್ತು. ಅವರು ದುಡಿಯುವುದು ಪಾಲಿಗೆ. ಖರ್ಚು ಕಳೆದು ಮೀನಿನ ಹಣ ಉಳಿದರೆ ಅವರಿಗೆ ಪಾಲು, ಬಲೆ ಬರಿದಾಗಿ ಬಂದರೆ ಏನೂ ಇಲ್ಲ, ಮತ್ತು ಅವರೊಡನೆ ನನಗೆ ಯಾವ ಕರಾರೂ ಇರಲಿಲ್ಲ. ಶಾಫ್ಟ್ ಕೂರಿಸಿದ ಕೂಲಿಯಾಗಿ ನನಗೆ ಬಂದಿದ್ದ ಹಣವನ್ನು ತಾಂಡೇಲನ ಕೈಗೆ ಕೊಟ್ಟು, ಎಲ್ಲರಿಗೂ ಹಂಚಲು ಹೇಳಿದೆ. ಒಂದು ಸುತ್ತಿನ ಪಾಲಿಗೆ ಅದು ಸಾಲುವುದಿಲ್ಲವೆಂಬುದನ್ನೂ ಅವರೆದುರು ಹೇಳಿಯೇ ಕೊಟ್ಟೆ.